ಹೊಳೆ ಇಳಿದ ಮೇಲೆ ಸಾಯುವ ಎಂಜಿನ್

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಕೊಣ್ಣೂರಿನ ಓಣಿಗಳಿಗೆ ನುಗ್ಗಿದಾಗ ನಮ್ಮ ಕಾಕಾ ಮೊದಲು ಮುದುಕರನ್ನು ದಾಟಿಸಿದರು, ಆಮೇಲೆ ದನಗಳನ್ನು. ಗಾಡಿ ದಾಟಿಸಲು ಹೊತ್ತು ಸಾಲಲಿಲ್ಲ. ನೂರು ಸಿಸಿಯ ಆ ಬೈಕ್ ಹ್ಯಾಂಡಲ್ ಮುಳುಗುವಷ್ಟು ನೀರಿನಲ್ಲಿ ಎರಡು ದಿನ ನಿಂತಿತು. ಹೊಳೆ ಇಳಿದ ಮೇಲೆ ಹೋಗಿ ನೋಡಿದರೆ ಗೋಡೆಗೆ ಒರಗಿಕೊಂಡು ಹಾಗೇ ಇತ್ತು, ಮೈತುಂಬ ಎರಿಮಣ್ಣು. ಕಾಕಾ ಕಿಕ್ ಹೊಡೆದರು. ಪೆಡಲ್ ಅರ್ಧಕ್ಕೇ ನಿಂತಿತು. ಓಣಿಯ ಇಬ್ಬರು ಹುಡುಗರು ‘ದಬ್ತೀವಿ, ಗೇರಿಗೆ ಹಾಕ್ರಿ ಕಾಕಾ’ ಎಂದರು. ಇಳಿಜಾರಿನಲ್ಲಿ ದಬ್ಬಿದರು, ಕಾಕಾ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರು. ಒಳಗಿಂದ ಟಕ್ಕೆಂದು ಒಂದು ಸದ್ದು. ಹಿಂದಿನ ಗಾಲಿ ಕೆಸರಿನಲ್ಲಿ ಜಾರಿ ಗಕ್ಕನೆ ನಿಂತಿತು.

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದ ಮಿಸ್ತ್ರಿ ಸೊಟ್ಟಗಾದ ಕನೆಕ್ಟಿಂಗ್ ರಾಡನ್ನು (ಪಿಸ್ಟನ್ನನ್ನು ಎಂಜಿನ್ನಿನ ತಿರುಗುವ ದಂಡ ಕ್ರ್ಯಾಂಕಿಗೆ ಜೋಡಿಸುವ ಸಲಾಕೆ) ಕೈಯಲ್ಲಿ ಹಿಡಿದು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ‘ಹೊಳಿ ಏನೂ ಮಾಡಿರಲಿಲ್ರೀ ಯಜಮಾನ್ರ. ನೀವು ದಬ್ಬಿದ್ದಕ್ಕ ಹೋತು.’

ಆ ಮಾತಿನ ಬೆನ್ನು ಹತ್ತಿ ನಾನು ಓದಿದ್ದು, ನಾಲ್ಕಾರು ಮಿಸ್ತ್ರಿಗಳ ಪಕ್ಕ ಕುಳಿತು ನೋಡಿದ್ದು ಈ ಬರಹ. ನಮ್ಮ ಕಡೆ ಹೊಳೆ ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣದ ಕಡೆಯ ಹೊಳೆಆಲೂರು, ಹೊಳೆಮಣ್ಣೂರು, ಮೆಣಸಗಿ ಮಲಪ್ರಭೆಗೆ ಹೆದರಿ ಬದುಕುವ ಊರುಗಳು. ನವಲಗುಂದದ ಹೊಲಗಳನ್ನು ಬೆಣ್ಣಿಹಳ್ಳ ನುಂಗುತ್ತದೆ. ಹಾವೇರಿಯಲ್ಲಿ ವರದಾ, ತುಂಗಭದ್ರೆ. ಹುಬ್ಬಳ್ಳಿಯೊಳಗೆ ಒಂದು ತಾಸು ಜೋರು ಮಳೆಯಾದರೆ ಉಣಕಲ್ ನಾಲಾ ಅಕ್ಕಪಕ್ಕದ ಓಣಿಗಳಿಗೆ ಏರುತ್ತದೆ. ಪ್ರತಿ ಸಲವೂ ಬೈಕು, ಪಂಪಿನ ಎಂಜಿನ್ನು, ಟ್ರ್ಯಾಕ್ಟರು ಮುಳುಗುತ್ತವೆ. ಬದುಕಬಹುದಾಗಿದ್ದ ಎಷ್ಟೋ ಎಂಜಿನ್‌ಗಳನ್ನು ನೀರು ಇಳಿದ ಮೇಲೆ ನಾವೇ ಕೈಯಾರೆ ಕೊಲ್ಲುತ್ತೇವೆ.

ಕಾಕಾನ ಬೈಕಿನ ಲೆಕ್ಕ ನೋಡೋಣ. ನೂರು ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ಸುಮಾರು 97 ಮಿಲಿಲೀಟರ್ ಜಾಗವನ್ನು ಗುಡಿಸಿಕೊಂಡು ಬರುತ್ತದೆ. ಒಳಗಿನ ಗಾಳಿ-ಪೆಟ್ರೋಲು ಒಂಬತ್ತರಲ್ಲಿ ಒಂದು ಪಾಲಿಗೆ ಅದುಮಿಕೊಳ್ಳುತ್ತದೆ. ಪಿಸ್ಟನ್ ತುದಿ ಮುಟ್ಟಿದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 12 ಮಿಲಿಲೀಟರ್. ಚಹಾ ಚಮಚದಲ್ಲಿ ಎರಡೂವರೆ ಚಮಚ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಬರುವುದಿಲ್ಲ. ಎರಡೂವರೆ ಚಮಚಕ್ಕಿಂತ ಹೆಚ್ಚು ನೀರು ಒಳಗೆ ಕುಳಿತಿದ್ದರೆ, ಗಾಳಿ ಬಂದು ಹೋಗುವ ವಾಲ್ವುಗಳು ಮುಚ್ಚಿದ ಹೊತ್ತಿನಲ್ಲಿ ಪಿಸ್ಟನ್ನಿಗೆ ಅದು ಕಲ್ಲಿದ್ದಂತೆ. ಮಿಸ್ತ್ರಿಗಳು ಇದನ್ನು ‘ಗಾಡಿ ನೀರು ಕುಡದೈತಿ’ ಎನ್ನುತ್ತಾರೆ, ಪುಸ್ತಕಗಳಲ್ಲಿ ಹೈಡ್ರೋಲಾಕ್ ಎಂದಿದೆ. ಡೀಸೆಲ್‌ನಲ್ಲಿ ಸ್ಥಿತಿ ಇನ್ನೂ ಬಿಗಿ. ಮೂರು ಸಿಲಿಂಡರಿನ ಎರಡೂವರೆ ಲೀಟರ್ ಟ್ರ್ಯಾಕ್ಟರ್ ಎಂಜಿನ್ ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮುತ್ತದೆ ಎಂದಿಟ್ಟುಕೊಂಡರೆ, ಒಂದೊಂದು ಸಿಲಿಂಡರಿನಲ್ಲಿ ಉಳಿಯುವ ಜಾಗ 50 ಮಿಲಿಲೀಟರ್ ಸುತ್ತಮುತ್ತ. ಹೋಟೆಲಿನ ಸಣ್ಣ ಚಹಾ ಲೋಟ ತುಂಬುವುದಿಲ್ಲ.

ಕಾಲಿನಿಂದ ಕಿಕ್ ಒತ್ತಿದಾಗ ಅದು ಅರ್ಧಕ್ಕೇ ನಿಂತದ್ದು ಎಂಜಿನ್ ಕೊಟ್ಟ ಎಚ್ಚರಿಕೆ. ಮನುಷ್ಯನ ಕಾಲಿನ ಬಲಕ್ಕೆ ರಾಡ್ ಸಾಮಾನ್ಯವಾಗಿ ಬಾಗುವುದಿಲ್ಲ. ದಬ್ಬಿದಾಗ ಗಾಡಿಯ ತೂಕ, ಸವಾರನ ತೂಕ, ಇಳಿಜಾರಿನ ಓಟ ಮೂರೂ ಸೇರಿ ಗೇರ್ ಬಾಕ್ಸಿನ ಮೂಲಕ ಒಮ್ಮೆಲೇ ಆ ರಾಡಿನ ಮೇಲೆ ಬೀಳುತ್ತವೆ. ಓಡುತ್ತಿರುವ ಎಂಜಿನ್ ನೀರು ಹೀರಿದರೂ ಇದೇ ಗತಿ, ಅಲ್ಲಿ ಕ್ರ್ಯಾಂಕಿನ ವೇಗವೇ ಸುತ್ತಿಗೆ. ಆದ್ದರಿಂದ ಮುಳುಗಿದ ಎಂಜಿನ್ ಮುಂದೆ ನಿಂತವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮುಳುಗುವಾಗ ಇದು ಓಡುತ್ತಿತ್ತೋ, ನಿಂತಿತ್ತೋ? ನಿಂತಿದ್ದರೆ ಆಸೆ ಇದೆ, ದೊಡ್ಡ ಆಸೆಯೇ ಇದೆ.

ಈ ಆಸೆಯನ್ನೇ ನಂಬಿಕೊಂಡು ಒಂದು ಆಟ ಕಟ್ಟಿದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರ್ಯಾಂಟ್ಸ್‌ಬರ್ಗ್ ಊರಿನವರು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಗಾಡಿಯನ್ನು ಅಲ್ಲಿ ಬೇಸಿಗೆಯಲ್ಲಿ ಕೆರೆಯ ನೀರಿನ ಮೇಲೆ ಓಡಿಸುತ್ತಾರೆ, 1977ರಿಂದ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಸೇನೆಯ ಟ್ಯಾಂಕಿನ ಚೈನಿನಂತೆ ತಿರುಗುವ ರಬ್ಬರ್ ಪಟ್ಟಾ. ವೇಗ ಇರುವವರೆಗೆ ಪಟ್ಟಾ ನೀರನ್ನು ಒದ್ದು ಗಾಡಿಯನ್ನು ಮೇಲೆ ಹಿಡಿಯುತ್ತದೆ. ನಾವು ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದಾಗ ಅದು ಕುಪ್ಪಳಿಸುತ್ತ ಹೋಗುತ್ತದಲ್ಲ, ಹಾಗೆ. ವೇಗ ತಗ್ಗಿದರೆ ಗಾಡಿ ಮೂಗು ಕೆಳಗೆ ಮಾಡಿ ಮುಳುಗುತ್ತದೆ. ಹಗ್ಗ ಹಾಕಿ ಎಳೆಯುತ್ತಾರೆ, ಕಿಡಿ ಕೊಡುವ ಪ್ಲಗ್ ಬಿಚ್ಚುತ್ತಾರೆ, ಓರೆ ಮಾಡಿ ಸೈಲೆನ್ಸರಿನ ನೀರು ಸುರಿಯುತ್ತಾರೆ, ಎಂಜಿನ್ ತಿರುಗಿಸಿ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿಸುತ್ತಾರೆ, ಹೊಸ ಪೆಟ್ರೋಲು ಕೊಟ್ಟು ಚಾಲೂ ಮಾಡುತ್ತಾರೆ. ನಿಜವಾದ ಚಳಿಗಾಲದಲ್ಲಿ, ಕೆರೆಯ ಮಂಜುಗಡ್ಡೆ ಒಡೆದು ಗಾಡಿ ಒಳಗೆ ಬಿದ್ದಾಗ, ಕೆಲಸ ಇನ್ನೂ ಅವಸರದ್ದು. ಸೊನ್ನೆಗಿಂತ ಕೆಳಗಿನ ಗಾಳಿಗೆ ತೆಗೆದ ಕೂಡಲೇ ಒಳಗೆ ಉಳಿದ ನೀರು ಗಡ್ಡೆಕಟ್ಟಿ ಪಿಸ್ಟನ್ನನ್ನು ಹಿಡಿದುಬಿಡುತ್ತದೆ. ಅದಕ್ಕೆ ಬೆಚ್ಚಗಿನ ಶೆಡ್ಡಿಗೆ ಒಯ್ಯುತ್ತಾರೆ. ಕೆಲವರು ಸ್ವಲ್ಪ ಆಲ್ಕೋಹಾಲ್ ಸುರಿಯುತ್ತಾರೆ, ಅದು ನೀರನ್ನು ತನ್ನೊಳಗೆ ಬೆರೆಸಿಕೊಂಡು ಹೊರಗೆ ತರುತ್ತದೆ.

ಇಷ್ಟು ಸಲೀಸಾಗಿ ಬದುಕಲು ಕಾರಣ ಅವುಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಎಂಜಿನ್ ಆಗಿರುವುದು. ಇದನ್ನು ನಮ್ಮ ಜನಕ್ಕೆ ವಿವರಿಸುವುದು ಸುಲಭ, ಯಾಕೆಂದರೆ ಲೂನಾ, ಹಳೆಯ ಚೇತಕ್, ಆರ್‌ಎಕ್ಸ್ 100 ಓಡಿಸಿದ ಕೈಗಳು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಇವೆ. ಲೂನಾಕ್ಕೆ ಪೆಟ್ರೋಲ್ ಹಾಕಿಸುವಾಗ ಅದರಲ್ಲೇ ಟೂ-ಟಿ ಆಯಿಲ್ ಬೆರೆಸುತ್ತಿದ್ದದ್ದು ನೆನಪಿರಬೇಕು. ಟೂ-ಸ್ಟ್ರೋಕ್‌ನಲ್ಲಿ ತಳದಲ್ಲಿ ಆಯಿಲ್ ಕೊಳವೇ ಇಲ್ಲ. ಪೆಟ್ರೋಲಿನ ಜೊತೆ ಬಂದ ಎಣ್ಣೆಯ ಮಂಜು ಕ್ರ್ಯಾಂಕು, ಬೇರಿಂಗು, ಸಿಲಿಂಡರ್ ಗೋಡೆಗೆಲ್ಲ ಹಚ್ಚಿಕೊಂಡು ಕೂರುತ್ತದೆ. ನೀರು ಹೊಕ್ಕರೆ ಕೆಡಲು ಅಲ್ಲಿ ಸಂಗ್ರಹದ ಆಯಿಲ್ ಇಲ್ಲ. ಪ್ಲಗ್ ಬಿಚ್ಚಿ ನಾಲ್ಕು ಸಲ ತಿರುಗಿಸಿದರೆ ಪಿಸ್ಟನ್ ತಾನೇ ಪಂಪ್ ಆಗಿ ತಳದ ನೀರನ್ನು ಮೇಲೆತ್ತಿ ಹೊರಗೆ ಹಾಕುತ್ತದೆ. ವಾಲ್ವಿಲ್ಲ, ಅದನ್ನು ತೆರೆಯುವ ಕ್ಯಾಮಿಲ್ಲ. ಹೊಸ ಪೆಟ್ರೋಲ್-ಆಯಿಲ್ ಒಳಗೆ ಬಂದ ಕ್ಷಣದಿಂದ ಮತ್ತೆ ಎಣ್ಣೆ ಸ್ನಾನ ಶುರು.

ಫೋರ್-ಸ್ಟ್ರೋಕ್‌ನ ಕಥೆ ಬೇರೆ. ತಳದಲ್ಲಿ ಒಂದು ಲೀಟರಿನಷ್ಟು ಆಯಿಲ್ ಇದೆ. ನೀರು ಸೇರಿದರೆ ಕಲಕಿ, ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬರುತ್ತದೆ. ಬೇರಿಂಗಿಗೂ ಕ್ಯಾಮಿಗೂ ಆ ಚಹಾವೇ ಹೋದರೆ ಲೋಹಕ್ಕೆ ಲೋಹ ತಾಗುತ್ತದೆ. ಒಮ್ಮೆ ಆಯಿಲ್ ಬದಲಿಸಿ ಸುಮ್ಮನಾಗುವ ಹಾಗಿಲ್ಲ. ಮೂಲೆಗಳಲ್ಲಿ ಉಳಿದ ನೀರು ಹೊಸ ಆಯಿಲ್‌ಗೂ ಸೇರುತ್ತದೆ. ತೆಗೆದು, ಹೊಸದು ಹಾಕಿ, ಕೆಲವೇ ನಿಮಿಷ ಓಡಿಸಿ, ಮತ್ತೆ ತೆಗೆಯಬೇಕು. ಬಣ್ಣ ತಿಳಿಯಾಗುವವರೆಗೆ ಎರಡು ಸಲ, ಮೂರು ಸಲ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಉಳಿದ ತೇವ ಆವಿಯಾಗಿ ಹೋಗುತ್ತದೆ. ಮೂರು ಲೀಟರ್ ಆಯಿಲ್‌ನ ಖರ್ಚು ನೋಡಿ ಹಿಂಜರಿಯುವವರು ಕೊನೆಗೆ ಕ್ರ್ಯಾಂಕಿನ ಖರ್ಚು ಕೊಡುತ್ತಾರೆ.

ಮಿಸ್ತ್ರಿಗಳಲ್ಲೂ ಹಲವರು ಎಡವುವ ಜಾಗ ಇನ್ನೊಂದಿದೆ. ‘ಎರಡ ದಿನ ಬಿಸಿಲಾಗ ಒಣಗಲಿ, ಆಮ್ಯಾಲೆ ನೋಡೂಣು’ ಎನ್ನುತ್ತಾರೆ. ಕೇಳಲು ಸರಿ ಎನಿಸುತ್ತದೆ. ದೋಣಿಯ ಎಂಜಿನ್ ಬಲ್ಲವರು ಇದಕ್ಕೆ ಪೂರ್ತಿ ಎದುರಾದದ್ದನ್ನು ಹೇಳುತ್ತಾರೆ. ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನನ್ನು ಅಮೆರಿಕದ ಮಿಲ್ವಾಕಿಯ ಓಲೆ ಎವಿನ್‌ರೂಡ್ ಮಾರಾಟಕ್ಕಿಟ್ಟದ್ದು 1909ರಲ್ಲಿ. ಅಂದಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಅವನ್ನು ನೀರಿಗೆ ಬೀಳಿಸಿಕೊಳ್ಳುತ್ತ, ಎತ್ತುತ್ತ ಕಲಿತ ಪಾಠ ಇದು: ಎತ್ತಿದ ಕೆಲವೇ ಗಂಟೆಗಳಲ್ಲಿ ಎಂಜಿನ್ ಚಾಲೂ ಮಾಡು, ಅಷ್ಟರಲ್ಲಿ ಆಗದಿದ್ದರೆ ಅದನ್ನು ಒಣಗಲು ಬಿಡದೆ ಸಿಹಿನೀರಿನ ಡ್ರಮ್ಮಿನಲ್ಲಿ ಮತ್ತೆ ಮುಳುಗಿಸಿಡು.

ಮುಳುಗಿದ್ದನ್ನು ಉಳಿಸಲು ಮತ್ತೆ ಮುಳುಗಿಸುವುದು. ಮೊದಲ ಸಲ ಓದಿದಾಗ ನನಗೂ ನಂಬಿಕೆ ಬರಲಿಲ್ಲ. ಕಾರಣ ಆಮ್ಲಜನಕದಲ್ಲಿದೆ. 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ, ಒಂದು ಲೀಟರ್ ಗಾಳಿಯಲ್ಲಿ ಇರುವುದು ಸುಮಾರು 270 ಮಿಲಿಗ್ರಾಂ. ಪೂರ್ತಿ ಮುಳುಗಿದ ಕಬ್ಬಿಣಕ್ಕೆ ನೀರು ಬೇಕಾದಷ್ಟಿದೆ, ಆಮ್ಲಜನಕ ಕಡಿಮೆ. ಒಣಗಿದ ಕಬ್ಬಿಣಕ್ಕೆ ಆಮ್ಲಜನಕ ಇದೆ, ನೀರಿಲ್ಲ. ಎರಡರ ನಡುವೆ, ತೆಳ್ಳನೆಯ ತೇವ ಮತ್ತು ತುಂಬು ಗಾಳಿ ಒಟ್ಟಿಗೆ ಸಿಗುವ ಹೊತ್ತು ತುಕ್ಕಿನ ಸುಗ್ಗಿ. ಬೇರಿಂಗಿನ ಗುಂಡುಗಳ ಮೇಲೆ, ಪಿಸ್ಟನ್ ರಿಂಗಿನ ಅಂಚಿನಲ್ಲಿ ಒಂದೇ ರಾತ್ರಿಯಲ್ಲಿ ಕೆಂಪು ಮೂಡುತ್ತದೆ. ಸಮುದ್ರದ ಉಪ್ಪುನೀರಾದರೆ ಇನ್ನೂ ಬೇಗ. ನಮ್ಮ ಹೊಳೆಗಳದ್ದು ಸಿಹಿನೀರು, ಅಷ್ಟು ಪುಣ್ಯ. ಬೈಕನ್ನು ಡ್ರಮ್ಮಿನಲ್ಲಿ ಮುಳುಗಿಸಿಡುವ ಮಾತು ಯಾರೂ ಆಡುವುದಿಲ್ಲ. ಆದರೆ ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ತೂತಿನೊಳಗೆ ಆಯಿಲ್ ಅಥವಾ ಡೀಸೆಲ್ ಸುರಿದು ನಾಲ್ಕು ಸುತ್ತು ತಿರುಗಿಸಿಟ್ಟರೆ ಮಿಸ್ತ್ರಿ ಸಿಗುವವರೆಗೆ ಆ ಎಣ್ಣೆಯೇ ಕಾವಲು.

ನಮ್ಮ ಸೀಮೆಗೆ ಪುಸ್ತಕದಲ್ಲಿಲ್ಲದ ಒಂದು ಕಾಟ ಹೆಚ್ಚುವರಿಯಾಗಿದೆ: ಎರಿಮಣ್ಣು. ವಿಸ್ಕಾನ್ಸಿನ್ನಿನ ಕೆರೆಯ ತಿಳಿನೀರಿಗೂ ಆಗಸ್ಟ್‌ನ ಮಲಪ್ರಭೆಗೂ ಹೋಲಿಕೆ ಇಲ್ಲ. ಎರಿಮಣ್ಣಿನ ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತ ಸಣ್ಣದು. ನೀರು ಹೋಗುವಲ್ಲೆಲ್ಲ ಅದೂ ಹೋಗುತ್ತದೆ. ತೇವ ಇರುವಾಗ ಉಬ್ಬಿ ಲೋಳೆಯಾಗುತ್ತದೆ, ಒಣಗಿದರೆ ಕುಗ್ಗಿ ಇಟ್ಟಿಗೆಯಾಗುತ್ತದೆ. ಬೇಸಿಗೆಯಲ್ಲಿ ನವಲಗುಂದದ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಅದೇ ಮಣ್ಣು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಜೆಟ್ಟಿನಲ್ಲಿ, ಪಿಸ್ಟನ್ ರಿಂಗು ಕೂರುವ ಕಚ್ಚಿನಲ್ಲಿ, ಬ್ರೇಕ್ ಡ್ರಮ್ಮಿನಲ್ಲಿ ಕುಳಿತು ಗಟ್ಟಿಯಾಗುತ್ತದೆ ಎಂದು ಊಹಿಸಿ. ಜೆಟ್ಟಿನ ತೂತು ಒಂದು ಮಿಲಿಮೀಟರೂ ಇರುವುದಿಲ್ಲ. ಜೇಡಿಯ ಜೊತೆ ಸಣ್ಣ ಉಸುಕೂ ಬಂದಿರುತ್ತದೆ, ಅದು ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಹೀಗಾಗಿ ನಮ್ಮಲ್ಲಿ ಒಂದು ಹೆಜ್ಜೆ ಹೆಚ್ಚು. ಎಂಜಿನ್ ತಿರುಗಿಸುವ ಮೊದಲೇ ಏರ್‌ಫಿಲ್ಟರ್ ಡಬ್ಬಿ, ಕಾರ್ಬೊರೇಟರ್, ಸೈಲೆನ್ಸರ್ ಬಿಚ್ಚಿ ಒಳ್ಳೆಯ ನೀರಿನಲ್ಲಿ ತೊಳೆಯಬೇಕು, ಮಣ್ಣು ಇನ್ನೂ ಹಸಿಯಾಗಿರುವಾಗಲೇ. ಪ್ಲಗ್ಗಿನ ತೂತಿನಲ್ಲಿ ಉಸುಕು ಕಂಡರೆ ತಿರುಗಿಸುವ ಗೋಜಿಗೇ ಹೋಗದೆ ಸಿಲಿಂಡರಿನ ಮುಚ್ಚಳವಾದ ಹೆಡ್ ಬಿಚ್ಚಿಸುವುದು ಮೇಲು.

ನೆರೆಯ ಹೊತ್ತಿನಲ್ಲಿ ನಮ್ಮನ್ನು ದಾಟಿಸಲು ಬರುವ ರಬ್ಬರ್ ದೋಣಿಗಳ ಔಟ್‌ಬೋರ್ಡಿಗೂ ಈ ಮಣ್ಣೇ ಶತ್ರು. ಅದು ಮುಳುಗಬೇಕಾಗಿಯೂ ಇಲ್ಲ. ಔಟ್‌ಬೋರ್ಡ್ ತಣ್ಣಗಾಗುವುದು ಹೊಳೆಯ ನೀರಿನಿಂದಲೇ. ಕೆಳಗಿನ ಒಂದು ಪುಟ್ಟ ರಬ್ಬರ್ ಚಕ್ರ ನೀರನ್ನು ಹೀರಿ ಎಂಜಿನ್ ಸುತ್ತ ಹರಿಸಿ ಹೊರಬಿಡುತ್ತದೆ. ಕೆಸರುನೀರಿನಲ್ಲಿ ದಿನವಿಡೀ ಓಡಿದರೆ ಆ ಚಕ್ರದ ಎಲೆಗಳು ಸವೆಯುತ್ತವೆ, ದಾರಿಗಳಲ್ಲಿ ಮಣ್ಣು ಕಟ್ಟುತ್ತದೆ. ಸಂಜೆ ಸಿಹಿನೀರು ಹಾಯಿಸಿ ತೊಳೆಯದ ಎಂಜಿನ್ ಮರುದಿನ ನಡುಹೊಳೆಯಲ್ಲಿ ಕಾದು ನಿಲ್ಲಬಹುದು. ಅದರಲ್ಲಿ ಕುಳಿತವರು ನಮ್ಮ ಮನೆಯ ಮುದುಕರು, ಮಕ್ಕಳು.

ಔಟ್‌ಬೋರ್ಡಿನ ಒಂದು ಚಿಕ್ಕ ಹಗ್ಗದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚಾಲಕನ ಕೈಗೋ ಜಾಕೆಟ್ಟಿಗೋ ಕಟ್ಟಿದ ಸುರುಳಿ ಹಗ್ಗ ಅದು. ಆತ ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ತಟ್ಟನೆ ಆರುತ್ತದೆ. ಬಿದ್ದವನನ್ನು ಪ್ರೊಪೆಲ್ಲರ್ ಕೊಯ್ಯಬಾರದು ಎಂದು ಮಾಡಿದ ಏರ್ಪಾಡು. ಎಂಜಿನ್ನಿಗೂ ಅದರಿಂದ ಉಪಕಾರ: ದೋಣಿ ಮಗುಚುವಷ್ಟರಲ್ಲಿ ಆರಿದ್ದರೆ ಅದು ನಿಂತು ಮುಳುಗಿದ ಎಂಜಿನ್, ಮತ್ತೆ ಎದ್ದು ಬರುವ ಎಂಜಿನ್. ಸೇನೆಗಳಿಗಾಗಿ ಮಾಡಿದ ಕೆಲವು ಔಟ್‌ಬೋರ್ಡುಗಳಲ್ಲಿ ಕ್ರ್ಯಾಂಕಿನ ಕೋಣೆಗೇ ನೀರು ಬಸಿಯುವ ವಾಲ್ವ್ ಇಟ್ಟಿರುತ್ತಾರೆ. ತೆರೆದು, ಹಗ್ಗ ಎಳೆದು, ನೀರು ಹೊರಹಾಕಿ, ಮುಚ್ಚಿ ಮತ್ತೆ ಓಡಿಸಬಹುದು. ಇವೂ ಟೂ-ಸ್ಟ್ರೋಕ್ ಸಂತತಿಯೇ. ಎವಿನ್‌ರೂಡ್ ಹೆಸರಿನ ಔಟ್‌ಬೋರ್ಡ್ ತಯಾರಿಕೆ 2020ರಲ್ಲಿ ನಿಂತಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಟೂ-ಸ್ಟ್ರೋಕ್ ದೋಣಿಯಿಂದಲೂ ರಸ್ತೆಯಿಂದಲೂ ಸರಿಯುತ್ತಿದೆ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ನೀರಿಗೆ ಬಿದ್ದರೂ ಎದ್ದು ನಿಲ್ಲುವ ಎಂಜಿನ್ನಿನ ಕಾಲವೂ ಅದರ ಜೊತೆ ಹೋಗುತ್ತಿದೆ.

ವಿದ್ಯುತ್ ಮೋಟರಿನ ಮಾತು ಸಂಕ್ಷಿಪ್ತವಾಗಿ. ಹೊಳೆದಂಡೆಯ ಪಂಪಿನ ಮೋಟರ್ ಮುಳುಗಿದರೆ ರಾಡ್ ಬಾಗುವ ಭಯವಿಲ್ಲ, ಸುರುಳಿ ಸುಡುವ ಭಯವಿದೆ. ಒದ್ದೆ ಇರುವಾಗ ಸ್ವಿಚ್ ಒತ್ತಿದರೆ ರಿವೈಂಡಿಂಗ್ ಅಂಗಡಿಯೇ ಗತಿ. ಇಲ್ಲಿ ಮಾತ್ರ ಒಣಗಿಸುವುದೇ ಸರಿ, ಪೂರ್ತಿ ಒಣಗಿಸುವುದು. ಅದೇ ರೈತನ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರ್ ಆಳದ ನೀರಿನಲ್ಲಿ ವರ್ಷಗಟ್ಟಲೆ ಓಡುತ್ತದೆ. ಇಳಿಸುವ ಮೊದಲು ಅದರ ಹೊಟ್ಟೆಗೆ ನಾವೇ ಒಳ್ಳೆಯ ನೀರು ತುಂಬುತ್ತೇವೆ. ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ, ಬೇರಿಂಗಿಗೆ ನೀರೇ ಎಣ್ಣೆ.

ಈಗಿನ ಬೈಕುಗಳಿಗೆ ಬರೋಣ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆಯ ನಿಯಮ ಬಂದು ಬಹುಪಾಲು ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂತು. ಕಂಪ್ಯೂಟರ್ ಡಬ್ಬಿಯನ್ನು ಅಂಟಿನಲ್ಲಿ ಮುಚ್ಚಿರುತ್ತಾರೆ, ಅದು ನೀರಿಗೆ ಅಷ್ಟು ಬೇಗ ಹೆದರುವುದಿಲ್ಲ. ಹೆದರುವುದು ಅದಕ್ಕೆ ಬಂದು ಸೇರುವ ಕನೆಕ್ಟರುಗಳು. ಅಲ್ಲಿ ಹಸಿರು ಕಿಲುಬು ಹಿಡಿದರೆ ತಿಂಗಳ ಮೇಲೆ ಗಾಡಿ ಎಲ್ಲೆಂದರಲ್ಲಿ ಬಂದ್ ಬೀಳುತ್ತದೆ. ಇಂಧನದಲ್ಲೂ ಬದಲಾವಣೆ ಆಗಿದೆ. ಹಿಂದೆ ಪೆಟ್ರೋಲ್ ಟಾಕಿಗೆ ನೀರು ಸೇರಿದರೆ ತಳದಲ್ಲಿ ಕೂರುತ್ತಿತ್ತು, ಬಸಿದರೆ ಮುಗಿಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್, ಕಬ್ಬು, ಗೋವಿನಜೋಳ ಮುಂತಾದ ಬೆಳೆಗಳಿಂದ ತೆಗೆದದ್ದು. ಹಾವೇರಿಯ ರೈತರಿಗೆ ಗೋವಿನಜೋಳದ ಬಗ್ಗೆ ನಾನು ಹೇಳಬೇಕಾಗಿಲ್ಲ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಮುಳುಗಿದ ಗಾಡಿಯ ಟಾಕಿಯಲ್ಲಿ ಉಳಿದ ಪೆಟ್ರೋಲನ್ನು ಪೂರ್ತಿ ಚೆಲ್ಲುವುದು ಕಷ್ಟದ ಮಾತು, ಆದರೂ ಚೆಲ್ಲಬೇಕು. ಎಲ್ಲಕ್ಕಿಂತ ಅಪಾಯ ಸೆಲ್ಫ್ ಬಟನ್. ಕಿಕ್ ಇದ್ದಾಗ ಕಾಲಿಗೆ ಎಂಜಿನ್ನಿನ ಬಿಗಿ ತಿಳಿಯುತ್ತಿತ್ತು, ಹೆಬ್ಬೆರಳಿಗೆ ಏನೂ ತಿಳಿಯುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನೆರೆ ಪರಿಹಾರದ ನಿಯಮದಲ್ಲಿ ಮನೆ ಇದೆ, ಬೆಳೆ ಇದೆ, ದನಕರು, ಬಟ್ಟೆ-ಪಾತ್ರೆ, ಮೀನುಗಾರರ ದೋಣಿ-ಬಲೆ ಇವೆ. ಬೈಕ್ ಇಲ್ಲ. ಹಾಲು ಹಾಕಲು, ಮಾರುಕಟ್ಟೆಗೆ ಕಾಯಿಪಲ್ಲೆ ಒಯ್ಯಲು, ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಹೊಳೆಸಾಲಿನ ಮನೆಗೆ ಇರುವುದು ಅದೊಂದೇ ಗಾಡಿ. ವಿಮೆ ಇದೆಯಲ್ಲ ಎನ್ನಬಹುದು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದು ನಮ್ಮ ಗಾಡಿಯಿಂದ ಇನ್ನೊಬ್ಬರಿಗಾದ ಹಾನಿಗೆ ಮಾತ್ರ. ಸ್ವಂತ ಗಾಡಿಯ ಹಾನಿ ತುಂಬುವ ವಿಮೆ ಬೇರೆ, ಅದರಲ್ಲಿ ನೆರೆ ಸೇರಿದೆ. ಅಲ್ಲೂ ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿ ರಾಡ್ ಬಾಗಿದರೆ, ಅದು ನೆರೆಯ ನಂತರದ ನಷ್ಟ ಎಂದು ಪಕ್ಕಕ್ಕಿಡುತ್ತಾರೆ. ಅದನ್ನು ತುಂಬಲು ‘ಎಂಜಿನ್ ಪ್ರೊಟೆಕ್ಟ್’ ಎಂಬ ಇನ್ನೊಂದು ಸೇರ್ಪಡೆ ಕೊಳ್ಳಬೇಕು. ಹೊಳೆಸಾಲಿನ ಎಷ್ಟು ಜನಕ್ಕೆ ಷೋರೂಮಿನಲ್ಲಿ ಇದನ್ನು ಕನ್ನಡದಲ್ಲಿ ಕೂರಿಸಿ ಹೇಳಿದ್ದಾರೆ?

ದುಡ್ಡು ಸಿಗದಿದ್ದರೂ ಹೊತ್ತು ಸಿಗುತ್ತದೆ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗಿನ ಊರು ಮುಟ್ಟಲು ಗಂಟೆಗಳು ಹಿಡಿಯುತ್ತವೆ. ಡಂಗುರ, ಮೊಬೈಲ್ ಸಂದೇಶ ಸಾಮಾನ್ಯವಾಗಿ ಬರುತ್ತದೆ. ಗಾಡಿಯನ್ನು ಎತ್ತರಕ್ಕೆ ಒಯ್ಯಲು ಆಗದಿದ್ದರೂ ಹತ್ತು ನಿಮಿಷದಲ್ಲಿ ಮಾಡಬಹುದಾದದ್ದು ಇದೆ. ಕಿಕ್ಕನ್ನು ಕೈಯಿಂದ ನಿಧಾನ ಒತ್ತುತ್ತ ಹೋದರೆ ಒಂದು ಕಡೆ ಬಿಗಿ ಸಿಗುತ್ತದೆ. ಅದನ್ನು ಕೂದಲೆಳೆಯಷ್ಟು ದಾಟುವಲ್ಲಿ ನಿಲ್ಲಿಸಿದರೆ ಪಿಸ್ಟನ್ ಮೇಲಿರುತ್ತದೆ, ಫೋರ್-ಸ್ಟ್ರೋಕ್ ಎಂಜಿನ್ನಿನ ಎರಡೂ ವಾಲ್ವು ಮುಚ್ಚಿರುತ್ತವೆ. ಸಿಲಿಂಡರಿನ ಬಾಗಿಲು ಹಾಕಿದಂತೆ. ಸೈಲೆನ್ಸರಿನ ಬಾಯಿಗೂ ಏರ್‌ಫಿಲ್ಟರಿನ ಬಾಯಿಗೂ ಪ್ಲಾಸ್ಟಿಕ್ ಚೀಲ ಸುತ್ತಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು, ಬ್ಯಾಟರಿ ಬಿಚ್ಚಿ ಜೊತೆಗೆ ಒಯ್ಯುವುದು, ಗಾಡಿಯನ್ನು ಗಿಡಕ್ಕೆ ಕಟ್ಟುವುದು. ನೀರು ಪೂರ್ತಿ ನಿಲ್ಲುತ್ತದೆ ಎನ್ನಲಾರೆ, ಒಳಗೆ ಹೋಗುವ ಮಣ್ಣು ಬಹಳ ಕಡಿಮೆಯಾಗುತ್ತದೆ. ಗ್ರಾಮ ಪಂಚಾಯತಿಗಳು ಡಂಗುರದ ಜೊತೆ ಈ ನಾಲ್ಕು ಮಾತನ್ನೂ ಸಾರಬೇಕು. ಐಟಿಐಗಳ ಹುಡುಗರನ್ನು ನೀರು ಇಳಿದ ದಿನವೇ ಪ್ಲಗ್ ಪಾನಾ, ಡೀಸೆಲ್ ಕ್ಯಾನು, ಆಯಿಲ್ ಡಬ್ಬಿಯೊಂದಿಗೆ ಹೊಳೆಸಾಲಿನ ಊರುಗಳಿಗೆ ಕಳಿಸಬೇಕು. ಮೂರನೆಯ ದಿನ ಕಳಿಸಿದರೆ ತುಕ್ಕು ಅವರಿಗಿಂತ ಮೊದಲೇ ಬಂದಿರುತ್ತದೆ.

ಕಾಕಾ ಆ ಗಾಡಿಯನ್ನು ಮಾರಲಿಲ್ಲ. ಹೊಸ ರಾಡು, ಹೊಸ ಸಿಲಿಂಡರ್ ಬೋರು ಹಾಕಿಸಿ ಈಗಲೂ ಓಡಿಸುತ್ತಾರೆ. ಸೀಟಿನ ಕೆಳಗೆ ಒಂದು ಪ್ಲಗ್ ಪಾನಾ ಮತ್ತು ಸೈಕಲ್ ಟ್ಯೂಬಿನ ಎರಡು ಪಟ್ಟಿ ಇಟ್ಟಿದ್ದಾರೆ. ಮಳೆಗಾಲದಲ್ಲಿ ಹೊಳೆ ಬಣ್ಣ ತಿರುಗಿದ ದಿನ ಅವನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.